ಒಂದು ನಿಮಿಷ ಸುಮ್ನಿರಿ

ನಮ್ಮ ಕಡೆಯ ಹಳೆಯ ರೇಡಿಯೋ ಕೇಂದ್ರದ ಚರಿತ್ರೆಯನ್ನು ನಾಲ್ಕು ಪುಟದಲ್ಲಿ ಬರೆದುಕೊಡಿ ಎಂದು ಸ್ಮರಣಸಂಚಿಕೆಯವರೊಬ್ಬರು ಕೇಳಿದ್ದರು. ಹೂಂ ಅಂದುಬಿಟ್ಟೆ. ಭದ್ರಾವತಿಯಲ್ಲಿದ್ದ ಆ ಕೇಂದ್ರದಲ್ಲಿ ನಾನು ಇದ್ದದ್ದು ಮೂರೇ ವರ್ಷ, ಅದೂ ತಾತ್ಕಾಲಿಕ ಉದ್ಘೋಷಕಿಯಾಗಿ. ಆಮೇಲೆ ಶಿವಮೊಗ್ಗದಲ್ಲಿ ಮೇಷ್ಟರ ಕೆಲಸ ಸಿಕ್ಕಿತು, ನಿವೃತ್ತಿಯೂ ಆಯಿತು. ಚರಿತ್ರೆ ಎಂದರೆ ಯಾರು ಅಡಿಗಲ್ಲು ಹಾಕಿದರು, ಯಾರು ಗುಂಡಿ ಒತ್ತಿದರು ಎಂದೆಲ್ಲ ಬರೆಯಬೇಕು. ನಾನು ಬರೆಯಲು ಕೂತಾಗೆಲ್ಲ ಹಾಳೆಯ ಮೇಲೆ ಒಬ್ಬರೇ ಬಂದು ಕೂರುತ್ತಿದ್ದರು. ಮಡಚಿದ ತೋಳಿನ ಬಿಳಿ ಅಂಗಿ, ಕಿವಿಯ ಮೇಲೆ ಹಳದಿ ಪೆನ್ಸಿಲು, ಮೇಲಕ್ಕೆತ್ತಿದ ಬಲಗೈ ತೋರುಬೆರಳು. ಕಳೆದ ತಿಂಗಳು ಅವರು ತೀರಿಕೊಂಡರು. ಸಂಚಿಕೆಯವರು ಬೇಜಾರು ಮಾಡಿಕೊಳ್ಳಬಾರದು, ಚರಿತ್ರೆಯನ್ನು ಬೇರೆ ಯಾರಿಂದಲಾದರೂ ಬರೆಸಿಕೊಳ್ಳಲಿ.

ಅವರ ಹೆಸರು ಹೇಳುವುದಿಲ್ಲ. ಕಾರ್ಯಕ್ರಮದ ಕೊನೆಯಲ್ಲಿ ಧ್ವನಿಮುದ್ರಣ ಮಾಡಿದವರ ಹೆಸರು ಓದುವ ರೂಢಿಯಿತ್ತು. ಅವರದು ಬಂದರೆ, "ಅದೊಂದು ಬಿಟ್ಬಿಡಮ್ಮ, ಐದು ಸೆಕೆಂಡ್ ಉಳಿಯುತ್ತೆ" ಎನ್ನುತ್ತಿದ್ದರು. ಬೆನ್ನ ಹಿಂದೆ ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ಸುಮ್ನಿರಿ ಸಾರ್ ಎಂದು. ಅವರಿಗೂ ಅದು ಗೊತ್ತಿತ್ತು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಅವರ ಮೇಲೆ ನನಗೆ ಸುಮಾರು ನಲವತ್ತು ವರ್ಷ ಸಿಟ್ಟಿತ್ತು. ನನ್ನ ಅಮ್ಮನ ಧ್ವನಿಯನ್ನು ಈ ಭೂಮಿಯ ಮೇಲಿಂದ ಅಳಿಸಿ ಹಾಕಿದವರು ಅವರು.

ನಾನು ಸೇರಿದ ಮೊದಲ ವಾರ, ಅವರ ಜೊತೆ ಹೊಳೆಹೊನ್ನೂರಿನ ಹತ್ತಿರ ಒಬ್ಬ ಅಜ್ಜನ ಮಾತು ಮುದ್ರಿಸಲು ಹೋಗಿದ್ದೆ. ಅಜ್ಜ ಭತ್ತದ ಹಳೆಯ ತಳಿಗಳ ಬಗ್ಗೆ ಅರ್ಧ ಗಂಟೆ ಮಾತಾಡಿದ. ಮುಗಿಯಿತು ಎಂದು ನಾನು ಎದ್ದೆ. ಇವರು ಮೈಕನ್ನು ಅಲ್ಲೇ ಬಿಟ್ಟು, ಬೆರಳೆತ್ತಿ, "ಎಲ್ರೂ ಒಂದು ನಿಮಿಷ ಸುಮ್ನಿರಿ" ಎಂದರು. ಅಜ್ಜ ಸುಮ್ಮನಾದ. ಅವನ ಸೊಸೆ ಬಾಗಿಲಲ್ಲಿ ಮೊರ ಹಿಡಿದು ನಿಂತುಬಿಟ್ಟಳು. ಯಾರೋ ಸತ್ತವರಿಗೆ ಗೌರವ ಸಲ್ಲಿಸುತ್ತಿದ್ದಾರೆ ಎಂದು ತಿಳಿದು ನಾನು ತಲೆ ತಗ್ಗಿಸಿ ನಿಂತೆ. ಟೇಪು ಮಾತ್ರ ಸುತ್ತುತ್ತಲೇ ಇತ್ತು.

ದಾರಿಯಲ್ಲಿ ಕೇಳಿದೆ. "ಯಾರಿಗೆ ಸಾರ್ ಶ್ರದ್ಧಾಂಜಲಿ?"

ಅವರು ಜೀಪು ಅಲುಗಾಡುವಷ್ಟು ನಕ್ಕರು. "ಶ್ರದ್ಧಾಂಜಲಿ ಅಲ್ಲ ಮಾರಾಯ್ತಿ. ಆ ಜಾಗ ಸುಮ್ಮನಿದ್ರೆ ಹೇಗಿರುತ್ತೆ ಅಂತ ತಗೊಂಡೆ. ಅಜ್ಜ ನಡುವೆ ಕೆಮ್ಮಿದಾನೆ ನೋಡು, ಆ ಕೆಮ್ಮು ಕತ್ತರಿಸಬೇಕು. ಕತ್ತರಿಸಿದ ಜಾಗಕ್ಕೆ ಏನು ಅಂಟಿಸ್ತೀಯ? ಅದೇ ಜಾಗದ್ದು, ಅದೇ ಹೊತ್ತಿಂದು ಬೇಕು."

ಆಗಿನ ಕೆಲಸವೆಲ್ಲ ಕೈಯಲ್ಲಿ. ಟೇಪನ್ನು ಮಿಶಿನ್ನಿನಲ್ಲಿ ಧ್ವನಿ ಓದುವ ಹೆಡ್ಡಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜಿ, ಮಾತು ಎಲ್ಲಿ ಮುಗಿಯಿತೆಂದು ಕಿವಿಯಲ್ಲೇ ಹಿಡಿದು, ಹಳದಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸಬೇಕು. ಕೆಲಸಕ್ಕೆ ಸೇರುವ ಮೊದಲು ಅವರು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಹರಿದ ಫಿಲ್ಮನ್ನು ಅಂಟಿಸಿ ಅಂಟಿಸಿ ಬೆರಳು ಪಳಗಿತ್ತು. ಅವರು ಅಂಟಿಸಿದ ಜಾಗ ಯಾವುದೆಂದು ಬೆಳಕಿಗೆ ಹಿಡಿದರೂ ಕಾಣುತ್ತಿರಲಿಲ್ಲ.

ಒಂದು ಸಲ ನಾನು ಅವಸರದಲ್ಲಿ ತಪ್ಪು ಮಾಡಿದೆ. ರೈತನೊಬ್ಬನ ಮಾತಿನ ನಡುವೆ ಸುಮ್ಮನಿರುವ ತುಂಡು ಬೇಕಿತ್ತು. ಮೇಜಿನ ಮೇಲೆ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಹಿಂದಿನ ದಿನ ಮುದ್ರಿಸಿದ ತುಂಡು ನೇತಾಡುತ್ತಿತ್ತು. ಸುಮ್ಮನಿರುವುದು ಎಲ್ಲಿಯದಾದರೇನು ಎಂದು ಅದನ್ನೇ ಅಂಟಿಸಿದೆ. ಸಂಜೆ ಅವರು ಹೆಡ್‌ಫೋನ್ ಹಾಕಿಕೊಂಡು ಕೇಳಿದರು, ಹಿಂದಕ್ಕೆ ಸುತ್ತಿ ಇನ್ನೊಮ್ಮೆ ಕೇಳಿದರು.

"ಏನಮ್ಮ, ಈ ಯಜಮಾನರು ಗದ್ದೆ ಬದುವಿನ ಮೇಲೆ ಕೂತು ಮಾತಾಡ್ತಿದ್ರಲ್ಲ?"

"ಹೌದು ಸಾರ್."

"ಮತ್ತೆ ನಡುವೆ ಆರು ಸೆಕೆಂಡ್ ಅವರನ್ನ ಬಜಾರಿಗೆ ಕರ್ಕೊಂಡು ಹೋಗಿ ಬಂದಿದೀಯ. ಪಾಪ, ಕಾಲಲ್ಲಿ ಕೆಸರು ಬೇರೆ."

ನಾನು ಹೆಡ್‌ಫೋನ್ ಕಿತ್ತುಕೊಂಡು ಕೇಳಿದೆ. ನನಗೆ ಏನೂ ಕೇಳಿಸಲಿಲ್ಲ. "ಏನೂ ಇಲ್ವಲ್ಲ ಸಾರ್" ಎಂದೆ. "ಕಣ್ಮುಚ್ಚಿ ಕೇಳು" ಎಂದರು. ಕಣ್ಣು ಮುಚ್ಚಿದೆ. ಗದ್ದೆಯದು ಅಗಲವಾಗಿತ್ತು, ತುದಿಯೇ ಇರಲಿಲ್ಲ. ಬಜಾರಿನದು ಬಟ್ಟೆಯ ಥಾನುಗಳ ನಡುವೆ ಇಕ್ಕಟ್ಟಾಗಿ, ಬೆಚ್ಚಗೆ, ಯಾರೋ ಪಕ್ಕದಲ್ಲೇ ಉಸಿರು ಹಿಡಿದು ನಿಂತ ಹಾಗಿತ್ತು. ಆವತ್ತಿನಿಂದ ನನ್ನ ಕಿವಿ ಕೆಟ್ಟುಹೋಯಿತು ಎಂದೇ ಹೇಳಬೇಕು. ಈಗಲೂ ಹೊಸ ಮನೆಗೆ ಹೋದರೆ ಮಾತಿಗಿಂತ ಮೊದಲು ಆ ಮನೆಯ ಸುಮ್ಮನಿರುವಿಕೆ ನನಗೆ ಕೇಳಿಸುತ್ತದೆ. ಒಂದೊಂದು ಮನೆಯಲ್ಲಿ ಕೂತಲ್ಲೇ ಮಂಪರು ಹತ್ತುವಷ್ಟು ಹಿತವಾಗಿರುತ್ತದೆ, ಕೆಲವು ಕಡೆ ಕಾಫಿ ಕುಡಿದು ಬೇಗ ಎದ್ದುಬಿಡುತ್ತೇನೆ.

ಕೇಂದ್ರದ ಆರಂಭದ ದಿನಗಳ ಕತೆ ಕೇಳಿದರೆ ಅವರ ಕಣ್ಣು ದೂರಕ್ಕೆ ಹೋಗುತ್ತಿತ್ತು. ಮೊದಲು ಇದ್ದದ್ದು ನಾಲ್ಕು ಕೋಣೆಯಂತೆ. ಗೋಡೆಗೆ ಧ್ವನಿ ಬಡಿದು ವಾಪಸ್ ಬಾರದ ಹಾಗೆ ಗೋಣಿಚೀಲ, ಅದರ ಮೇಲೆ ಕಂಬಳಿ ಹೊಡೆದಿದ್ದರಂತೆ. ಫ್ಯಾನು ಹಾಕಿದರೆ ಅದರ ಸದ್ದು ಬರುತ್ತದೆ, ಹಾಕದಿದ್ದರೆ ಹಾಡುವವರು ಬೆವರುತ್ತಾರೆ. ಒಂದು ಬೇಸಿಗೆಯಲ್ಲಿ ಐಸು ತುಂಬಿದ ಬಕೆಟ್ಟು ಇಟ್ಟು ಹಾಡಿಸಿದರೆ, ಐಸು ಕರಗುವ ಚಟಚಟ ಸದ್ದು ಹಾಡಿನುದ್ದಕ್ಕೂ ಬಂದಿತ್ತಂತೆ. ಊರಿನ ಕಬ್ಬಿಣದ ಕಾರ್ಖಾನೆಯ ಸೈರನ್ನಿನ ಹೊತ್ತಿಗೆ ಯಾರೂ ಮಾತು ಮುದ್ರಿಸುವಂತಿಲ್ಲ. ದೊಡ್ಡ ದೊಡ್ಡ ಅತಿಥಿಗಳೂ ಕೈಕಟ್ಟಿ ಸೈರನ್ ಮುಗಿಯಲಿ ಎಂದು ಕಾಯಬೇಕಿತ್ತು.

ನನಗೆ ತುಂಬ ಇಷ್ಟವಾದದ್ದು ಸೈಕಲ್ಲಿನ ಕತೆ. ಪ್ರಸಾರ ಶುರುವಾದ ಮೊದಲ ದಿನಗಳಲ್ಲಿ, ರಜೆಯ ದಿನ ಅವರು ಸೈಕಲ್ಲಿನ ಹಿಂದೆ ಟ್ರಾನ್ಸಿಸ್ಟರ್ ಕಟ್ಟಿಕೊಂಡು ಹೊಳೆಹೊನ್ನೂರಿನ ದಾರಿ ಹಿಡಿದರಂತೆ.

"ಎಲ್ಲಿಗೆ ಹೊರಟಿದ್ರಿ ಸಾರ್?"

"ಎಲ್ಲಿಗೂ ಇಲ್ಲ. ನಮ್ಮ ಧ್ವನಿ ಎಲ್ಲಿ ಮುಗಿಯುತ್ತೆ ನೋಡೋಣ ಅಂತ."

"ಎಲ್ಲಿ ಮುಗೀತು?"

"ಅದೆಲ್ಲಿ ಮುಗಿಯುತ್ತೆ! ಹೊಳೆಹೊನ್ನೂರು ದಾಟಿದೆ, ಅದೂ ದಾಟ್ತು. ಮೊದಲು ನನ್ನ ಕಾಲು ಮುಗೀತು. ಒಂದು ಕಲ್ಲಿನ ಮೇಲೆ ಕೂತೆ. ನಾನು ಬೆಳಿಗ್ಗೆ ಯಾವ ಮಿಶಿನ್ ಒರೆಸಿಟ್ಟು ಬಂದಿದ್ನೋ ಅದರೊಳಗಿಂದ ಬಂದ ಹಾಡು ಅಲ್ಲಿ ಗದ್ದೆ ಮೇಲೆ ಹೋಗ್ತಿತ್ತು. ಕಳೆ ಕೀಳೋ ಹೆಂಗಸ್ರು ತಲೆ ಎತ್ತಿ ನೋಡಿದ್ರು, ಇದೇನು ಸೈಕಲ್ ಹಾಡ್ತಿದೆ ಅಂತ."

ಈ ಕತೆಯನ್ನು ಅವರು ಹೇಳಿದಾಗಲೆಲ್ಲ ನಾನು ಆ ದಾರಿಯಲ್ಲಿ ಇದ್ದೆ ಎನ್ನಿಸುತ್ತಿತ್ತು. ನಾನು ಆಗ ತೊಟ್ಟಿಲಲ್ಲಿದ್ದಿರಬೇಕು. ಆದರೂ ಸೈಕಲ್ಲು ಹೋಗುತ್ತಿರುವುದು, ಹಾಡು ಅದರ ಹಿಂದೆ ತೇಲಿಕೊಂಡು ಬರುವುದು ಕಣ್ಣಿಗೆ ಕಟ್ಟಿದ ಹಾಗಿದೆ.

ಅವರ ಕೈಗಡಿಯಾರದ ವಿಷಯ ಹೇಳಬೇಕು. ಆಗ ಹೊಸ ಟೇಪು ಸುಲಭವಾಗಿ ಸಿಗುತ್ತಿರಲಿಲ್ಲ. ಪ್ರಸಾರವಾದ ಟೇಪನ್ನು ಕೆಲವು ತಿಂಗಳಿಟ್ಟು, ಅಳಿಸಿ, ಅದರ ಮೇಲೆ ಹೊಸದನ್ನು ಮುದ್ರಿಸುವುದು ಎಲ್ಲ ಕಡೆಯ ಪದ್ಧತಿ. ಯಾವುದನ್ನು ಅಳಿಸಬೇಕೆಂಬ ಪಟ್ಟಿ ಬರುತ್ತಿತ್ತು. ಅಳಿಸುವ ಕೆಲಸ ಅವರದು. ಅದಕ್ಕೊಂದು ಗುಂಯ್ ಎನ್ನುವ ಅಯಸ್ಕಾಂತದ ಪೆಟ್ಟಿಗೆ. ಅದರ ಮೇಲೆ ರೀಲಿಟ್ಟು ಮೂರು ಸುತ್ತು ತಿರುಗಿಸಿ ಮೆಲ್ಲಗೆ ದೂರ ಎಳೆದರೆ ಮುಗಿಯಿತು, ಒಳಗಿದ್ದ ಮಾತೆಲ್ಲ ಹೋಯಿತು. ಕೈಯಲ್ಲಿ ಗಡಿಯಾರ ಇದ್ದರೆ ಅದೂ ನಿಂತುಬಿಡುತ್ತದೆ. ಹಾಗಾಗಿ ಅವರು ಗಡಿಯಾರ ಬಿಚ್ಚಿ ಆಚೆ ಕೋಣೆಯಲ್ಲಿಟ್ಟು ಬರುತ್ತಿದ್ದರು. ಸಾರ್ ಬರಿಗೈಯಲ್ಲಿ ಓಡಾಡುತ್ತಿದ್ದಾರೆಂದರೆ ಇವತ್ತು ಅಳಿಸುವ ದಿನ ಎಂದು ನಮಗೆ ತಿಳಿಯುತ್ತಿತ್ತು. ಆ ದಿನ ಅವರು ಮಧ್ಯಾಹ್ನ ಊಟ ಮಾಡುತ್ತಿರಲಿಲ್ಲ.

ಅಳಿಸುವ ಮೊದಲು ಪ್ರತಿಯೊಂದನ್ನೂ ಅವರು ಪೂರ್ತಿ ಕೇಳುತ್ತಿದ್ದರು. ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ. "ಸುಮ್ನೆ ಯಾಕೆ ಸಾರ್ ಟೈಮ್ ಹಾಳು" ಎಂದು ನಾನೇ ಒಮ್ಮೆ ಕೇಳಿದ್ದೆ. "ಕೊನೇ ಸಲ ಯಾರಾದ್ರೂ ಒಬ್ರು ಕೇಳ್ಬೇಕಲ್ಲಮ್ಮ" ಎಂದರು. ಕೇಳಿದ ಮೇಲೆ, ಟೇಪಿನ ಬಾಲದಲ್ಲಿದ್ದ ಆ ಒಂದು ನಿಮಿಷದ ಸುಮ್ಮನಿರುವ ತುಂಡನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಕತ್ತರಿಸಿದ ತುಂಡು ಲೆಕ್ಕಕ್ಕೆ ಬರುವುದಿಲ್ಲ, ಕಸದ ಬುಟ್ಟಿಗೆ ಹೋಗುವಂಥದ್ದು. ಅವರು ಅಂಥವನ್ನೆಲ್ಲ ಒಂದಕ್ಕೊಂದು ಅಂಟಿಸಿ ರೀಲು ಮಾಡುತ್ತಿದ್ದರು. ನಮಗೆ ಅದು ತಮಾಷೆ. ಸಾರ್ ಮನೆಯಲ್ಲಿ ಏನೂ ಇಲ್ಲದ್ದನ್ನು ಕೂಡಿಡುತ್ತಾರೆ ಎಂದು ನಗುತ್ತಿದ್ದೆವು.

ಆ ರೀಲು ಒಮ್ಮೆ ಪ್ರಸಾರವೂ ಆಗಿತ್ತು. ನೇರವಾಗಿ ಬಂದು ಮಾತಾಡಬೇಕಾದ ಅತಿಥಿಯ ಜೀಪು ದಾರಿಯಲ್ಲಿ ಕೆಟ್ಟು ನಿಂತಿತು. ನಾನು ಮೈಕಿನ ಮುಂದೆ ಬೆವರುತ್ತಿದ್ದೆ. ಸಂಗೀತದ ತಟ್ಟೆ ಹುಡುಕಲು ಸಮಯವಿರಲಿಲ್ಲ. ಅವರು ಕೈಗೆ ಸಿಕ್ಕ ರೀಲು ಹಾಕಿದರು. ಮೂರು ತುಂಡು ಸೇರಿ ಮೂರು ನಿಮಿಷ ಹೊಳೆಹೊನ್ನೂರಿನ ಹೊಳೆದಂಡೆ. ನೀರು, ಒಂದು ಹಕ್ಕಿ, ಮತ್ತೆ ನೀರು. ಮೇಲಿನವರು ಕರೆದು ಚೆನ್ನಾಗಿ ಬೈದರು. ವಾರದ ಮೇಲೆ ಒಂದು ಕಾರ್ಡು ಬಂತು. ಮದುವೆಯಾಗಿ ದೂರದ ಊರಿಗೆ ಹೋದ ಹೆಣ್ಣುಮಗಳೊಬ್ಬಳು ಬರೆದದ್ದು: ಮೊನ್ನೆ ಹನ್ನೆರಡೂವರೆಗೆ ನೀವು ಹಾಕಿದ್ದು ನಮ್ಮೂರ ಹೊಳೆ, ಮೆಟ್ಟಿಲ ಹತ್ತಿರ ನೀರು ತಿರುಗುವ ಜಾಗ, ನನಗೆ ಗೊತ್ತಾಯಿತು, ಇನ್ನೊಮ್ಮೆ ಹಾಕಿ. ಕಾರ್ಡನ್ನು ಅವರು ಬಹಳ ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದರು.

ಈಗ ಅಮ್ಮನ ವಿಷಯ.

ನಮ್ಮದು ಗಾಂಧಿ ಬಜಾರಿನಲ್ಲಿ ಜವಳಿ ಅಂಗಡಿ, ಮೇಲೆ ಮನೆ. ಅಮ್ಮ ಮಾತಿನ ಮಲ್ಲಿ. ಬೆಳಿಗ್ಗೆ ಹಾಲಿನವನಿಂದ ಶುರುವಾದರೆ ರಾತ್ರಿ ನಿದ್ದೆಯಲ್ಲೂ ಒಂದೆರಡು ಮಾತು ಉದುರುತ್ತಿತ್ತು. ಅಪ್ಪ ಅದಕ್ಕೇ ಇಡೀ ದಿನ ಅಂಗಡಿಯಲ್ಲಿ ಇರುತ್ತಾರೆ ಎಂದು ಬೀದಿಯವರು ಹೇಳುತ್ತಿದ್ದರು. ಅಮ್ಮನ ಬೂದುಗುಂಬಳದ ಸಂಡಿಗೆ ನಮ್ಮ ನೆಂಟರಲ್ಲೆಲ್ಲ ಹೆಸರುವಾಸಿ. ಮಹಿಳೆಯರ ಕಾರ್ಯಕ್ರಮದಲ್ಲಿ ಅದನ್ನು ಮಾಡುವ ಬಗೆ ಹೇಳಲಿ ಎಂದು ನಾನೇ ಏರ್ಪಾಡು ಮಾಡಿದೆ. ಅಮ್ಮ ಇಳಕಲ್ ಸೀರೆ ಉಟ್ಟು, ರೇಡಿಯೋದಲ್ಲಿ ಕಾಣಿಸುತ್ತದೇನೋ ಎನ್ನುವ ಹಾಗೆ ಎರಡು ಕೈಗೂ ತುಂಬ ಬಳೆ ಏರಿಸಿಕೊಂಡು ಭದ್ರಾವತಿಗೆ ಬಂದಳು. ಆ ಹೊತ್ತಿಗೆ ನನಗೆ ಬೇರೆ ಸ್ಟುಡಿಯೋದಲ್ಲಿ ಪ್ರಸಾರದ ಡ್ಯೂಟಿ. ಅಮ್ಮನನ್ನು ಸಾರ್ ಕೈಗೆ ಒಪ್ಪಿಸಿ ಹೋದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮನ ವರದಿ ಹೀಗಿತ್ತು.

"ಮಾತಾಡಿದ್ದು ಏನೂ ಕಷ್ಟ ಇಲ್ಲ ಕಣೆ. ಆಮೇಲೆ ನಿಮ್ಮ ಸಾರು ಒಂದು ನಿಮಿಷ ಸುಮ್ನಿರಿ ಅಂದ್ರು ನೋಡು, ಪ್ರಾಣವೇ ಹೋಯ್ತು."

"ಸುಮ್ನಿದ್ಯಾ?"

"ಇದ್ದೆ."

"ನೀನು?"

"ತುಟಿ ಎರಡು ಮಾಡಿಲ್ಲ. ಬೇಕಾದ್ರೆ ಅವರನ್ನೇ ಕೇಳು."

ಮನೆಯಲ್ಲಿ ಯಾರೂ ನಂಬಲಿಲ್ಲ. ಅಪ್ಪ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿ ನಕ್ಕರು. ಅಮ್ಮ ಮಾತ್ರ ಪಟ್ಟು ಬಿಡಲಿಲ್ಲ. ನಾನು ಸಾರ್ ಅವರನ್ನು ಕೇಳಿದೆ. ಅವರು ಮೀಸೆಯೊಳಗೇ ನಕ್ಕು, "ನಿಮ್ಮ ತಾಯಿಯವರು ಬಹಳ ಸಹಕಾರ ಕೊಟ್ರು" ಎಂದರು.

ಪ್ರಸಾರವಾದ ದಿನ ಬೀದಿಯ ಅರ್ಧ ಜನ ನಮ್ಮ ಮನೆಯಲ್ಲಿದ್ದರು. ಅಮ್ಮನ ಧ್ವನಿ ಪೆಟ್ಟಿಗೆಯಿಂದ ಬಂದಾಗ ಅಮ್ಮನೇ ಹೆದರಿ ಸೆರಗು ಬಾಯಿಗೆ ಇಟ್ಟುಕೊಂಡಳು. ಅದಾದ ಮೇಲೆ ಕಾಗದಗಳು ಬಂದವು. ನೀವು ಹೇಳಿದ ಹಾಗೇ ಮಾಡಿದೆವು, ಚೆನ್ನಾಗಿಯೇ ಬಂದಿದೆ, ಆದರೆ ಏನೋ ಒಂದು ಕಡಿಮೆ ಎಂದು ಮೂರು ನಾಲ್ಕು ಜನ ಬರೆದಿದ್ದರು. ಅಮ್ಮ ಕಾಗದಗಳನ್ನು ಓದಿ, "ಕೈಗುಣ ಬೇಡವೇನೆ" ಎಂದು ಮಾತು ಹಾರಿಸಿದಳು.

ಆ ಟೇಪನ್ನು ಕ್ಯಾಸೆಟ್ಟಿಗೆ ಇಳಿಸಿಕೊಡುತ್ತೇನೆ, ಖಾಲಿ ಕ್ಯಾಸೆಟ್ ತಾ ಎಂದು ಸಾರ್ ಹೇಳಿದ್ದರು. ನಮ್ಮ ಅಂಗಡಿಯಿಂದ ನಾಲ್ಕು ಹೆಜ್ಜೆ ನಡೆದರೆ ಕ್ಯಾಸೆಟ್ ಸಿಗುತ್ತಿತ್ತು. ನಾಳೆ ತರುತ್ತೇನೆ ಎಂದೆ. ಅಮ್ಮ ಮನೆಯಲ್ಲಿ ದಿನವಿಡೀ ಮಾತಾಡುತ್ತಲೇ ಇದ್ದಳು, ನನಗೆ ಅವಸರವೇನಿತ್ತು? ಅವರು ಇನ್ನೊಮ್ಮೆ ನೆನಪಿಸಿದರು. ಮತ್ತೊಮ್ಮೆ ನೆನಪಿಸಿದಾಗ ನನಗೆ ಸ್ವಲ್ಪ ಕಿರಿಕಿರಿಯೂ ಆಯಿತು. ಅಷ್ಟರಲ್ಲಿ ಅಮ್ಮನಿಗೆ ಜ್ವರ ಬಂತು. ಹದಿನೈದೇ ದಿನ. ಮಾತು ಮೊದಲು ನಿಂತಿತು, ಆಮೇಲೆ ಅಮ್ಮ.

ತಿಥಿ ಮುಗಿಸಿ, ಕ್ಯಾಸೆಟ್ ಹಿಡಿದುಕೊಂಡೇ ಕೆಲಸಕ್ಕೆ ಹೋದೆ. ಸಾರ್ ನನ್ನ ಕೈಯನ್ನು ನೋಡಿದರು. ಅವರ ಮಣಿಕಟ್ಟಿನ ಮೇಲೆ ಗಡಿಯಾರ ಇತ್ತು. ಅಳಿಸುವ ದಿನ ಹಿಂದಿನ ವಾರವೇ ಬಂದು ಹೋಗಿತ್ತು.

"ಪಟ್ಟಿಯಲ್ಲಿ ಬಂದಿತ್ತಮ್ಮ. ನಿಮ್ಮನೆ ವಿಷಯ ನನಗೆ ತಿಳಿದಿದ್ದು ಅದರ ಮಾರನೇ ದಿನ" ಎಂದರು. ನಾನು ಏನೇನು ಅಂದೆನೋ. ನಿಮ್ಮ ಕೈ ಸೇದಿ ಹೋಗಲಿ ಎಂದದ್ದು ಮಾತ್ರ ನೆನಪಿದೆ. ತಪ್ಪು ನನ್ನದೆಂದು ನನಗೆ ಆಗಲೂ ಗೊತ್ತಿತ್ತು. ಆದರೆ ಸಿಟ್ಟು ಮಾಡಿಕೊಳ್ಳಲು ನನಗೆ ಇನ್ನೊಬ್ಬರು ಬೇಕಿತ್ತು, ಅವರು ಎದುರಿಗಿದ್ದರು. ಅವರು ಸುಮ್ಮನೆ ನಿಂತು ಕೇಳಿದರು. ಕೊನೆಗೆ, "ಬಾಲದ ಒಂದು ನಿಮಿಷ ತೆಗೆದಿಟ್ಟಿದೀನಿ ಕಣಮ್ಮ" ಎಂದರು.

"ಅದರಲ್ಲೇನಿದೆ ಸಾರ್? ಏನೂ ಇಲ್ಲ" ಎಂದು ಹೇಳಿ ನಾನು ಹೊರಗೆ ಬಂದೆ. ಆ ತಿಂಗಳೇ ಕೆಲಸ ಬಿಟ್ಟೆ.

ಎಷ್ಟೋ ವರ್ಷಗಳ ಮೇಲೆ ಅವರು ಒಮ್ಮೆ ಶಿವಮೊಗ್ಗಕ್ಕೆ, ಆಲ್ಕೊಳದ ನನ್ನ ಮನೆಗೆ ಬಂದಿದ್ದರು. ನಿವೃತ್ತರಾಗಿದ್ದರು, ಕೂದಲು ಪೂರಾ ಬೆಳ್ಳಗಾಗಿತ್ತು. ಸರ್ಕಲ್ಲಿನಿಂದ ಬಿಸಿಲಲ್ಲಿ ನಡೆದು ಬಂದು ಗೇಟಿನ ಹತ್ತಿರ ನಿಂತಿದ್ದರು. ಒಳಗೆ ಬನ್ನಿ ಎಂದೆ, ನೀರು ಕೊಟ್ಟೆ. ಕೂತು ಅತ್ತ ಇತ್ತ ನೋಡಿ, "ಮನೆ ಚೆನ್ನಾಗಿದೆ, ಒಳ್ಳೇ ಸುಮ್ಮನಿದೆ" ಎಂದರು. ಆಮೇಲೆ, "ಒಂದು ರೀಲಿದೆ. ನೀನೊಂದ್ಸಲ ಭದ್ರಾವತಿಗೆ ಬಂದ್ರೆ ಮಿಶಿನ್ನಿಗೆ ಹಾಕಿ ಕೇಳಿಸ್ತೀನಿ" ಎಂದರು.

ಅವರನ್ನು ನೋಡಿದ ಕೂಡಲೇ ಹಳೆಯದೆಲ್ಲ ಎದ್ದು ಬಂದಿತ್ತು. "ಖಾಲಿ ರೀಲು ಕೇಳಿ ನಾನೇನು ಮಾಡ್ಲಿ ಸಾರ್?" ಎಂದೆ.

ಅವರು ಲೋಟ ಕೆಳಗಿಟ್ಟರು. ಬೆರಳು ಅರ್ಧ ಎತ್ತಿದರು, ಏನೋ ಹೇಳಲು. ಮತ್ತೆ ಇಳಿಸಿದರು. "ಆಗ್ಲಮ್ಮ, ಬರ್ತೀನಿ" ಎಂದು ಎದ್ದರು. ನಾನು ಬಸ್ ಸ್ಟಾಪಿನವರೆಗೂ ಹೋಗಲಿಲ್ಲ. ಈ ಒಂದು ಮಧ್ಯಾಹ್ನವನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಅವರ ಮಗಳು ಫೋನು ಮಾಡಿದಳು. ಅಪ್ಪ ಹೋಗಿ ಹನ್ನೆರಡು ದಿನ ಆಯಿತು, ಅವರ ಪೆಟ್ಟಿಗೆ ತೆಗೆದೆವು, ಒಂದು ರೀಲಿನ ಮೇಲೆ ನಿಮ್ಮ ಹೆಸರಿದೆ ಎಂದಳು. ನಾನು ಮಾರನೆಯ ಬೆಳಿಗ್ಗೆಯೇ ಭದ್ರಾವತಿಯ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಯಾರ ಮಾತೂ ನನಗೆ ಕೇಳಲಿಲ್ಲ. ಕಿಟಕಿಯ ಆಚೆ ಒಂದು ಸೈಕಲ್ಲು, ಅದರ ಹಿಂದೆ ಕಟ್ಟಿದ ಹಾಡು ನಮ್ಮ ಜೊತೆಗೇ ಬರುತ್ತಿರುವಂತೆ ಅನ್ನಿಸುತ್ತಿತ್ತು.

ಮಗಳು ನನಗಿಂತ ಹತ್ತು ವರ್ಷ ಚಿಕ್ಕವಳು. ಅಪ್ಪನದೇ ಬೆರಳು. ಹಳೆಯ ರೀಲು ಮಿಶಿನ್ನನ್ನು ಒರೆಸಿ ಇಟ್ಟಿದ್ದಳು. "ಅಂಟೆಲ್ಲ ಒಣಗಿ ಬಿಟ್ಕೊಂಡಿತ್ತು ಅಕ್ಕ. ನಾನೇ ಕೂತು ಮತ್ತೆ ಅಂಟಿಸಿದೀನಿ. ಅಪ್ಪ ಕಲಿಸಿದ್ರು" ಎಂದಳು. ಪೆಟ್ಟಿಗೆಯ ಮುಚ್ಚಳದ ಒಳಗೆ ಅವರ ಅಕ್ಷರದಲ್ಲಿ ಒಂದೊಂದು ತುಂಡಿನ ವಿವರ ಇತ್ತು. ಮಗಳು ಕಿಟಕಿ ಮುಚ್ಚಿದಳು, ಫ್ಯಾನು ಆರಿಸಿದಳು. ರೀಲು ಸುತ್ತತೊಡಗಿತು.

ಹೊಳೆದಂಡೆ, ಬೆಳಿಗ್ಗೆ. ಶಾಲೆ, ರಜೆಯ ದಿನ. ಕಾರ್ಖಾನೆ, ಸೈರನ್ ನಿಂತ ಮೇಲೆ. ಒಂದೊಂದು ನಿಮಿಷ. ಕಣ್ಣು ಮುಚ್ಚಿ ಕೂತಿದ್ದೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಸಣ್ಣ ಚಟ್ ಎನ್ನುವ ಸದ್ದು, ಅಷ್ಟೆ. ಶಿವಮೊಗ್ಗ, ಭದ್ರಾವತಿ, ನಡುವಿನ ಗದ್ದೆ ಬಯಲು, ಎಲ್ಲ ನಾನು ಇಪ್ಪತ್ತೆರಡು ವರ್ಷದವಳಾಗಿದ್ದಾಗ ಹೇಗಿತ್ತೋ ಹಾಗೇ ಉಸಿರಾಡುತ್ತಿತ್ತು. ಅಲ್ಲಿ ಮಾತಾಡಿದವರು ಯಾರೂ ಉಳಿದಿಲ್ಲ, ಅವರ ಮಾತೂ ಉಳಿದಿಲ್ಲ. ಅವರು ಮಾತು ಮುಗಿಸಿ, ನಮ್ಮ ಸಾರ್ ಹೇಳಿದರೆಂದು ಸುಮ್ಮನೆ ಕೂತದ್ದು ಮಾತ್ರ ಇತ್ತು. ಗಾಂಧಿ ಬಜಾರಿನ ಆ ಇಕ್ಕಟ್ಟಾದ ಬೆಚ್ಚಗಿನ ನಿಮಿಷವೂ ಬಂದು ಹೋಯಿತು.

ಮಗಳು ನನ್ನ ಮೊಣಕೈ ಮುಟ್ಟಿ ಮುಚ್ಚಳದ ಕೊನೆಯ ಸಾಲು ತೋರಿಸಿದಳು. ನನ್ನ ಹೆಸರು, ಅದರ ಮುಂದೆ: ಇವಳ ತಾಯಿ, ಸ್ಟುಡಿಯೋ ಎರಡು. ಕೆಟ್ಟಿದೆ. ಎಸೆಯಬಾರದು.

ಕೆಟ್ಟಿದೆ ಎಂದರೆ ಸುಮ್ಮನಿರುವುದರ ನಡುವೆ ಸದ್ದು ಬಂದಿದೆ ಎಂದರ್ಥ. ಅಂಥ ತುಂಡು ಯಾವುದಕ್ಕೂ ಒದಗುವುದಿಲ್ಲ. ಅಂಥದ್ದನ್ನು ಅವರು ಒಂದು ದಿನವೂ ಇಟ್ಟುಕೊಂಡವರಲ್ಲ.

ಮೊದಲು ಏನೂ ಇರಲಿಲ್ಲ. ಆಮೇಲೆ ಬಳೆ. ಎರಡು ಕೈ ತುಂಬ ಏರಿಸಿಕೊಂಡಿದ್ದ ಆ ಬಳೆಗಳು ಒಂದರ ಮೇಲೊಂದು ಇಳಿದವು. ಮೂಗು ಎಳೆದುಕೊಂಡ ಸದ್ದು. ಕುರ್ಚಿ ಕಿರುಗುಟ್ಟಿತು. ಅರ್ಧ ನಿಮಿಷ ದಾಟಿರಬೇಕು, ಪಿಸುದನಿಯಲ್ಲಿ:

"ಏನ್ರೀ, ಇನ್ನೂ ಎಷ್ಟೊತ್ತು?"

ಬಳೆ ಮತ್ತೊಮ್ಮೆ ಸದ್ದು ಮಾಡಿತು.

"ಅಲ್ಲ ಕಣ್ರೀ, ಹಸಿಶುಂಠಿ ಹೇಳೋಕೇ ಮರ್ತೋಯ್ತು. ಮೆಣಸಿನಕಾಯಿ ಜೊತೆ ಒಂದು ಬೆರಳು ಶುಂಠಿ ಹಾಕಿ ರುಬ್ಬಬೇಕು. ಅದಿಲ್ದಿದ್ರೆ ಏನ್ ರುಚಿ ಬರುತ್ತೆ, ಮಣ್ಣು! ಇನ್ನೊಂದ್ಸಲ ಹೇಳ್ಲಾ?"

ಮೈಕಿನಿಂದ ದೂರದಲ್ಲಿ, ನಗು ತಡೆದುಕೊಂಡ ಗಂಡಸಿನ ಧ್ವನಿ:

"ಆಯ್ತು ತಾಯಿ. ಒಂದು ನಿಮಿಷ ಸುಮ್ನಿರಿ."

"ಹೂಂ ಹೂಂ, ಸುಮ್ನೇ ಇದೀನಲ್ಲ. ನನ್ನ ಮಗಳ ಹತ್ರ ಹೇಳ್ಬೇಡಿ ಮತ್ತೆ."

ಟೇಪು ಮುಗಿದು ಅದರ ತುದಿ ಟಪ್ ಟಪ್ ಎಂದು ಬಡಿದುಕೊಳ್ಳತೊಡಗಿತು. ತುಟಿ ಎರಡು ಮಾಡಿಲ್ಲ ಎಂದು ಆಣೆ ಹಾಕುವ ಹಾಗೆ ಹೇಳಿದ್ದಳು! ನಾನು ನಗುತ್ತಿದ್ದೆ, ಕನ್ನಡಕದ ಒಳಗೆ ನೀರು ತುಂಬಿತ್ತು. ಅಮ್ಮ ಹೇಳಬೇಡಿ ಎಂದಳು, ಇವರು ಹೇಳಲಿಲ್ಲ. ಬಾಯಿಬಿಟ್ಟು ಹೇಳುವುದಕ್ಕಿಲ್ಲ, ಕೇಳಿಸಬಹುದಷ್ಟೇ ಎಂದು ಆ ಬಿಸಿಲಲ್ಲಿ ಆಲ್ಕೊಳದವರೆಗೆ ನಡೆದು ಬಂದಿದ್ದರು. ಎಷ್ಟು ವರ್ಷ ನನ್ನ ಸಂಡಿಗೆಯನ್ನು ಬಾಯಿಗಿಟ್ಟು, ಏನೋ ಒಂದು ಕಡಿಮೆ ಎಂದು ಹುಡುಕಿದ್ದೇನೆ. ಅಮ್ಮ ರುಬ್ಬುವಾಗ ನಾನು ಒಂದು ದಿನವೂ ಅಡುಗೆಮನೆಯಲ್ಲಿ ನಿಂತವಳಲ್ಲ, ಮಾಳಿಗೆಯ ಮೇಲೆ ಕಾಗೆ ಓಡಿಸಿದ್ದಷ್ಟೇ ನನ್ನ ಪಾಲು.

ತಿರುಗಿ ನೋಡಿದರೆ ಮಗಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

"ಅಪ್ಪನ ಧ್ವನಿ ಎಲ್ಲೂ ಇಲ್ಲ ಅಂದ್ಕೊಂಡಿದ್ದೆ ಅಕ್ಕ" ಎಂದಳು. "ಊರಿನೋರದ್ದೆಲ್ಲ ರೆಕಾರ್ಡ್ ಮಾಡಿದ್ರು. ಅವರದ್ದು ಯಾರೂ ಮಾಡಿರ್ಲಿಲ್ಲ."

ಅವಳು ಎದ್ದು ಟೇಪನ್ನು ಹಿಂದಕ್ಕೆ ಸುತ್ತಿದಳು. ಗುಂಡಿಯ ಮೇಲೆ ಬೆರಳಿಟ್ಟು, "ಇನ್ನೊಂದ್ಸಲ ಹಾಕ್ಲಾ?" ಎಂದು ಕೇಳಿದಳು. ನಾನು ಬಲಗೈಯ ತೋರುಬೆರಳು ಎತ್ತಿ, ಒಂದು ನಿಮಿಷ ಎಂದು ತೋರಿಸಿದೆ.